ಕೆಳಗಿನ ಹಲ್ಲುಗಳ ಸಾಕ್ಷಿ

ಈ ಊರಿನ ಅರ್ಧ ಹಲ್ಲುಗಳು ನಾನು ಹಿಡಿದ ತಟ್ಟೆಗೇ ಉದುರಿವೆ. ಇಕ್ಕಳ ಹಿಡಿಯುವುದು ನಮ್ಮ ಡಾಕ್ಟರಮ್ಮನವರಾದರೂ, ರೋಗಿ ಓಡಿಹೋಗದಂತೆ ತಲೆ ಹಿಡಿಯುವವನು ನಾನು. ಕೀರ್ತಿಯಲ್ಲಿ ಮುಕ್ಕಾಲು ಪಾಲು ನನ್ನದೆಂದರೆ ಅದು ವಿನಯದ ಮಾತು. ಅಂದು ಒಂದು ರಸ್ತೆಗೆ ಜಲ್ಲಿ ಹಾಸುವಷ್ಟು ಹಲ್ಲು ಕಿತ್ತು, ಸಂಜೆಗೆ ಇಬ್ಬರೂ ಬಸವಳಿದು ಕೂತಿದ್ದೆವು. ಆಗ ಬಾಗಿಲು ತಳ್ಳಿಕೊಂಡು ಒಂದಿಡೀ ಸಂಸಾರ ಒಳಗೆ ಬಂತು.

ಮುಂದೆ ಎರಡು ವರ್ಷದ ಹುಡುಗಿಯನ್ನು ಎತ್ತಿಕೊಂಡ ಸೊಸೆ. ಹಿಂದೆ ಬಟ್ಟೆಯ ಚೀಲ ಹಿಡಿದ ಅತ್ತೆ. ಕೊನೆಯಲ್ಲಿ ಗಿರಣಿಯ ರಾತ್ರಿ ಪಾಳಿಯ ಮಗರಾಯ; ಬೆಂಚಿಗೆ ಬೆನ್ನು ತಾಗಿದ್ದೇ ತಡ, ಸೂರು ಹಾರಿಹೋಗುವಂಥ ಗೊರಕೆ.

"ಮಗು ಹಲ್ಲು ನೋಡಿ ಡಾಕ್ಟ್ರೇ. ಎಲ್ಲಾ ಅತ್ತೆ ಕೆಲ್ಸ. ಕದ್ದು ಮಿಠಾಯಿ ತಿನ್ನಿಸ್ತಾರೆ. ನೀವು ಹೌದು ಅಂದ್ರೆ ಇವತ್ತೇ ನಾದಿನಿ ಮನೆ ಬಸ್ಸು ಹತ್ತಿಸ್ತೀನಿ," ಎಂದಳು ಸೊಸೆ.

"ಹತ್ತಿಸಮ್ಮ. ಚೀಲ ಕಟ್ಕೊಂಡೇ ಬಂದಿದೀನಿ," ಎಂದರು ಅತ್ತೆ. ಜಗಳವಾಡುವ ತ್ರಾಣವೂ ಆ ದನಿಯಲ್ಲಿರಲಿಲ್ಲ.

ಚೀಲದ ಬಾಯಿಂದ ಪೆಪ್ಪರಮೆಂಟಿನ ಪೊಟ್ಟಣ ಇಣುಕುತ್ತಿತ್ತು. ನನ್ನ ಹದ್ದಿನ ಕಣ್ಣಿಗೆ ಅಷ್ಟು ಸಾಕು. "ಕೇಸು ಮುಗೀತು!" ಎಂದು ಘೋಷಿಸಿದೆ.

"ನೀನು ಲೈಟ್ ಹಿಡಿಯಪ್ಪ," ಎಂದರು ಡಾಕ್ಟರಮ್ಮ ಆಕಳಿಸುತ್ತ.

ಮಗುವಿನ ಮೇಲ್ದುಟಿ ಎತ್ತಿದರು. ಮೇಲಿನ ಮುಂಭಾಗದ ನಾಲ್ಕು ಹಲ್ಲುಗಳಿಗೆ ಒಸಡಿನಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ; ಎರಡರಲ್ಲಿ ಅದು ಕಂದುಬಣ್ಣಕ್ಕೆ ತಿರುಗಿ ಕುಳಿ ಬಿದ್ದಿತ್ತು. ಕೆಳಗಿನ ಮುಂದಿನ ಹಲ್ಲುಗಳು ಮಾತ್ರ ಮುತ್ತಿನಂತಿದ್ದವು. ದವಡೆ ಹಲ್ಲಲ್ಲೂ ಕಲೆಯಿರಲಿಲ್ಲ.

"ಅನುಮಾನ ಯಾವಾಗಿಂದ?"

"ಆರು ತಿಂಗಳಾಯ್ತು, ಅತ್ತೆ ಹತ್ರ ಇಂಥ ಪೊಟ್ಟಣ ಸಿಕ್ದಾಗಿಂದ. ಆಗ ಹಲ್ಲು ಚೆನ್ನಾಗೇ ಇತ್ತು. ಆಮೇಲೆ ಮಧ್ಯಾಹ್ನ ನಾನು ಕೆಲ್ಸಕ್ಕೆ ಹೋಗೋವಾಗ ಅತ್ತೆ ಹತ್ರ ಬಿಡಲ್ಲ, ನಮ್ಮ ಯಜಮಾನ್ರ ಪಕ್ಕ ಮಲಗಿಸ್ತೀನಿ. ಆದ್ರೂ ಸಕ್ಕರೆ ಡಬ್ಬ ಖಾಲಿ ಆಗ್ತಾನೇ ಇದೆ. ಇವರ ದಿಂಬಿಗೆ ಇರುವೆ ಕಾಟ ಬೇರೆ!"

"ಅಜ್ಜಿ, ಪೆಪ್ಪರಮೆಂಟು ಯಾರಿಗೆ?"

"ನನಗೇ. ಬಾಯಿ ಒಣಗುತ್ತೆ. ನನ್ನದೆಲ್ಲ ಕಟ್ಟಿಸ್ಕೊಂಡ ಹಲ್ಲು, ಹುಳುಕು ಹಿಡಿಯೋ ಭಯ ಇಲ್ಲ. ಹಲ್ಲು ಕಳ್ಕೊಂಡವಳು ಮೊಮ್ಮಗಳ ಹಲ್ಲು ಕಳೀತೀನಾ?"

ಡಾಕ್ಟರಮ್ಮ ಮಗನನ್ನು ಎಬ್ಬಿಸಲು ಹೇಳಿದರು. ಬೆಟ್ಟ ಅಲುಗಿಸುವ ನನ್ನ ತೋಳುಗಳೇ ಸೋತವು. ಕೊನೆಗೆ ಹೆಂಡತಿಯ ಒಂದು ತಿವಿತ ಕೆಲಸ ಮಾಡಿತು. ಎಲ್ಲರನ್ನೂ ಬೆಂಚಿನ ಸುತ್ತ ಕೂರಿಸಿ ಡಾಕ್ಟರಮ್ಮ ಶುರುಮಾಡಿದರು.

"ಮಿಠಾಯಿ ಜಗಿದಿದ್ರೆ ದವಡೆ ಹಲ್ಲಿಗೂ ಅಂಟ್ತಿತ್ತು. ಅವು ಚೆನ್ನಾಗಿವೆ. ಬಾಟ್ಲಿ ಚೀಪೋವಾಗ ನಾಲಿಗೆ ಕೆಳಗಿನ ಹಲ್ಲನ್ನ ಮುಚ್ಚಿರುತ್ತೆ; ಸಿಹಿ ಹಾಲು ಮೇಲಿನ ಹಲ್ಲಿನ ಸುತ್ತ ನಿಲ್ಲುತ್ತೆ. ನಿದ್ದೇಲಿ ಜೊಲ್ಲು ಕಮ್ಮಿ, ಅದನ್ನ ತೊಳೆಯೋರಿಲ್ಲ. ಅಂದ್ರೆ ಮಗು ಬಾಟ್ಲಿ ಚೀಪ್ತಾನೇ ಮಲಗುತ್ತೆ. ತೊಟ್ಟಿಕ್ಕಿದ ಕಡೆ ಇರುವೆ ಬರುತ್ತೆ. ಬಂದಿದ್ದು ಅಜ್ಜಿ ಚಾಪೆಗಲ್ಲ, ಇವರ ದಿಂಬಿಗೆ. ಹಲ್ಲು ಕೆಟ್ಟಿದ್ದೂ ಮಗೂನ ಅಜ್ಜಿಯಿಂದ ಬಿಡಿಸಿದ ಮೇಲೇ."

ಎಲ್ಲರ ಕಣ್ಣು ಮಗನ ಮೇಲೆ.

"ಅದು ಮಿಠಾಯಿ ಅಲ್ವಲ್ಲ ಡಾಕ್ಟ್ರೇ, ಹಾಲು..." ಎಂದ ಆತ. "ಒಂಚೂರು ಸಕ್ಕರೆ ಹಾಕಿ ಬಾಯಿಗಿಟ್ರೆ ಸುಮ್ನಾಗ್ತಾಳೆ. ರಾತ್ರಿಯೆಲ್ಲ ನಿಂತೇ ಇರ್ತೀನಿ. ಹಗಲು ಕಣ್ಣು ಮುಚ್ಚದಿದ್ರೆ ಒಂದಿನ ಕೈ ಮಿಷಿನ್ನಿಗೆ ಹೋಗುತ್ತೆ."

ನನ್ನ ಕೇಸನ್ನು ನಾನೇ ವಾಪಸ್ ತೆಗೆದುಕೊಂಡೆ, ನಂಬಿದರೆ ನಂಬಿ.

"ಬಾಟ್ಲಿ ಬಿಡಿಸಿ, ಲೋಟದಲ್ಲಿ ಕುಡಿಸಿ," ಎಂದರು ಡಾಕ್ಟರಮ್ಮ. "ಮಲಗೋ ಮುಂಚೆ ಅಕ್ಕಿಕಾಳಷ್ಟು ಪೇಸ್ಟಲ್ಲಿ ನೀವೇ ಹಲ್ಲುಜ್ಜಿ, ಆಮೇಲೆ ಬರೀ ನೀರು. ಆಗಾಗ ತುಟಿ ಎತ್ತಿ ನೋಡಿ. ಬಿಳಿ ಗೆರೆ ಇದ್ದಾಗಲೇ ಬಂದ್ರೆ ಔಷಧಿ ಬಳಿದು ತಡೀಬಹುದು. ಕುಳಿ ಬಿದ್ದ ಎರಡನ್ನ ಈಗ ತುಂಬಲೇಬೇಕು."

ಸೊಸೆ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡಳು.

"ಕೊಡಿ ಅತ್ತೆ, ಭಾರ ಇದೆ. ನಾಳೆಯಿಂದ ಮಧ್ಯಾಹ್ನ ಮಗು ನಿಮ್ಮ ಹತ್ರಾನೇ."

"ಪೆಪ್ಪರಮೆಂಟು?"

"ಮೇಲಿನ ಕಪಾಟಲ್ಲಿ ಇಟ್ಕೊಳ್ಳಿ."

"ಎರಡು ದಿನ ಬಾಟ್ಲಿಗೆ ಅಳ್ತಾಳೆ ಕಣೋ. ನೀನು ಕಿವಿ ಮುಚ್ಕೊಂಡು ಮಲಗು," ಎಂದು ಅತ್ತೆ ಮಗನತ್ತ ತಿರುಗಿದರು. ಅವನು ಆಗಲೇ ಮಲಗಿದ್ದ.

ನಾನು ಅಂಗಿಯ ತೋಳು ಮಡಚಿ ಮತ್ತೆ ಎಬ್ಬಿಸಲು ಹೊರಟೆ.

"ಬಿಡೋ, ಮಗು ಹಲ್ಲು ತುಂಬೋವರೆಗಾದ್ರೂ ಮಲಗಲಿ," ಎಂದರು ಡಾಕ್ಟರಮ್ಮ. ಎದ್ದು ಬೆಂಚಿನ ಮೇಲಿನ ದೀಪ ಆರಿಸಿದರು.