ಒಂಟೆಯ ಮುಂದಿನ ಸೈನಿಕ

"ಒಬ್ಬ ಹುಡುಗಿಯ ಅಪ್ಪನ ಜೊತೆ ಚೆಸ್ ಆಡಬೇಕು, ಟೀಚರ್. ನನಗೆ ಕಲಿಸಿಕೊಡ್ತೀರಾ?"

ಕನ್ನಡಕದ ಅಂಗಡಿಯವನು ಹೀಗೆ ಕೇಳಿದಾಗ, ಕ್ಲಾಸಿನ ಮಕ್ಕಳು ಚೆಲ್ಲಾಡಿ ಹೋಗಿದ್ದ ಕಾಯಿಗಳನ್ನು ಅವಳು ಡಬ್ಬಿಗೆ ತುಂಬುತ್ತಿದ್ದಳು. ಅವನ ಅಂಗಡಿ ಕೆಳಗೆ, ಅವಳ ಚೆಸ್ ಕ್ಲಾಸು ಅದರ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಒಂದು ನಗು, ಒಂದು "ಚೆನ್ನಾಗಿದ್ದೀರಾ?" ಅಷ್ಟೇ. ಆ ಅಷ್ಟಕ್ಕೇ ಅವಳು ಮನಸ್ಸಿನಲ್ಲಿ ಏನೇನೋ ಕಟ್ಟಿಕೊಂಡಿದ್ದಳು.

"ಅಪ್ಪನ ಜೊತೆ ಯಾಕೆ? ಹುಡುಗಿ ಜೊತೆ ಆಡಿದ್ರೆ ಸಾಲದಾ?" ಎಂದಳು, ಕಾಯಿಗಳಿಂದ ತಲೆಯೆತ್ತದೆ.

"ಮಗಳನ್ನ ಕೇಳೋಕೆ ಬರೋನು ಮೊದಲು ಅವರೆದುರು ಬೋರ್ಡ್ ಹಾಕ್ಕೊಂಡು ಕೂರಬೇಕಂತೆ. ಕನ್ನಡಕ ಮಾಡಿಸೋಕೆ ಬಂದಾಗ ಹೇಳಿದ್ರು. ಇಪ್ಪತ್ತು ನಡೆ ತಡ್ಕೊಂಡ್ರೆ ಸಾಕು. ಅಷ್ಟರೊಳಗೆ ಸೋತರೆ ಹುಡುಗಿ ಸುದ್ದಿ ಮತ್ತೆ ಎತ್ತೋ ಹಾಗಿಲ್ಲ." ಅವನು ಅವಳನ್ನೇ ನೋಡುತ್ತ ತುಟಿಯಂಚಿನಲ್ಲಿ ನಕ್ಕ. "ಹುಡುಗಿ ಯಾರು ಅಂತ ಕೇಳಲ್ವಾ?"

"ನನಗ್ಯಾಕೆ ಊರ ಉಸಾಬರಿ?" ಎಂದು ಅವಳೂ ನಕ್ಕಳು. ಆ ನಗುವಿಗೆ ಎಷ್ಟು ಕಷ್ಟಪಟ್ಟಳೋ ಅವಳಿಗೇ ಗೊತ್ತು.

ಮಾರನೆಯ ಸಂಜೆಯಿಂದಲೇ ಪಾಠ ಶುರುವಾಯಿತು. ಶಿಷ್ಯ ಮೊದಮೊದಲು ಶುದ್ಧ ದಡ್ಡ. ಕುದುರೆಯನ್ನು ನೆಟ್ಟಗೆ ಓಡಿಸುತ್ತಿದ್ದ, ಒಂಟೆಯನ್ನು ಆನೆಯ ದಾರಿಯಲ್ಲಿ ಕಳಿಸುತ್ತಿದ್ದ. ಅವಳು ಹಣೆ ಚಚ್ಚಿಕೊಂಡರೆ, ಅದನ್ನು ನೋಡುವುದಕ್ಕೇ ಬಂದವನ ಹಾಗೆ ಖುಷಿಪಡುತ್ತಿದ್ದ.

ಆಮೇಲೆ ಆಟ ಅವನನ್ನು ಹಿಡಿದುಕೊಂಡಿತು. ಸೋತರೂ ಏಳುತ್ತಿರಲಿಲ್ಲ.

"ಏನು ಮಾಯೆ ಟೀಚರ್ ಇದು? ಅದೇ ಬೋರ್ಡು, ಅವೇ ಕಾಯಿಗಳು. ನಿನ್ನೆಯ ಆಟ ಮಾತ್ರ ಇವತ್ತು ಬರಲ್ಲ."

"ಅದಕ್ಕೇ ಯಾರೂ ಬಿಡಲ್ಲ," ಎಂದಳು. "ಅಪ್ಪ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಕಲಿಸಿದ್ದು. ಈಗಲೂ ಪ್ರತಿ ಆಟ ಹೊಸದೇ. ಇರಲಿ, ನಿಮ್ಮ ಹುಡುಗಿಗೆ ಬರುತ್ತಾ?"

"ಬರುತ್ತೆ. ಯೋಚನೆ ಮಾಡುವಾಗ ಕೆಳತುಟಿ ಕಚ್ಚಿಕೊಳ್ತಾಳೆ. ಆಗ ನೋಡಬೇಕು ಅವಳನ್ನ!"

ಅವಳು ತನ್ನ ಕೆಳತುಟಿಯನ್ನು ಹಲ್ಲಿನಿಂದ ಬಿಡಿಸಿಕೊಂಡು, ಆ ಪುಣ್ಯವಂತೆ ಯಾರಿರಬಹುದೆಂದು ಹೊಟ್ಟೆ ಉರಿದುಕೊಂಡಳು. ಐದು ನಡೆ ಮುಂದಿನದನ್ನು ನೋಡಬಲ್ಲ ಜಾಣೆಗೆ ಕಣ್ಣೆದುರಿನದು ಕಾಣಲಿಲ್ಲ ಅಂದರೆ ನೋಡಿ! ಆ ಷರತ್ತು ಹಾಕಿದವರು ತನ್ನ ಅಪ್ಪನೇ ಇರಬಹುದೆಂಬ ಅನುಮಾನವೂ ಬರಲಿಲ್ಲ. ಮದುವೆ ಎಂಬ ಮಾತನ್ನು ಅವರು ಮನೆಯಲ್ಲಿ ಎತ್ತಿದವರೇ ಅಲ್ಲ.

"ಈ ಭಾನುವಾರವೇ ಆಟ," ಎಂದು ಅವನು ಹೇಳಿದ ಸಂಜೆ ಅವಳ ಬುದ್ಧಿ ಕೆಟ್ಟಿತು. ಇವನು ಈಗ ಇಪ್ಪತ್ತು ನಡೆ ಆರಾಮಾಗಿ ತಡೆದುಕೊಳ್ಳುತ್ತಾನೆ. ಹುಡುಗಿ ಒಪ್ಪುತ್ತಾಳೆ. ಆಮೇಲೆ ಈ ಮೆಟ್ಟಿಲು ಯಾಕೆ ಹತ್ತುತ್ತಾನೆ?

"ಒಂದು ಗುಟ್ಟಿನ ಆರಂಭ ಹೇಳಿಕೊಡ್ತೀನಿ," ಎಂದಳು. "ರಾಜನ ಪಕ್ಕದ ಒಂಟೆ ಇದೆಯಲ್ಲ, ಅದರ ಮುಂದಿನ ಸೈನಿಕನನ್ನ ಒಂದು ಮನೆ ನಡೆಸಿ. ಆಮೇಲೆ ಅದರಾಚೆಯ ಕುದುರೆ ಮುಂದಿನವನನ್ನ ಎರಡು ಮನೆ."

ಚೆಸ್ಸಿನಲ್ಲಿ ಇದಕ್ಕಿಂತ ಬೇಗ ಸೋಲುವ ದಾರಿ ಇಲ್ಲ. ಎದುರಾಳಿಯ ರಾಣಿ ಓರೆಯಾಗಿ ಬಂದು ನಿಂತರೆ ಆಟ ಅಲ್ಲಿಗೇ ಮುಗಿಯಿತು.

ಅವನು ಬೋರ್ಡನ್ನು ಬಹಳ ಹೊತ್ತು ನೋಡಿದ. "ರಾಜನ ಪಕ್ಕ ಬಯಲಾಗಲ್ವಾ?"

"ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ," ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ. ಎಂದಿನ ಹಾಗೆ ಇನ್ನೊಂದು ಆಟ ಎಂದು ಗೋಗರೆಯದೆ ಎದ್ದುಹೋದ. ತಾನೆಂಥ ಕೆಲಸ ಮಾಡಿದೆ ಎಂದು ಅವಳಿಗೆ ನಾಚಿಕೆಯಾಯಿತು. ಕರೆದು ಹೇಳಬೇಕೆಂದು ಮೆಟ್ಟಿಲವರೆಗೆ ಹೋಗಿ ಹಿಂದಿರುಗಿದಳು.

ಭಾನುವಾರ ಅಪ್ಪ ಬೆಳಗಿನಿಂದಲೇ ಬೋರ್ಡು ಒರೆಸುತ್ತ ಕೂತಿದ್ದರು. "ಯಾರೋ ಆಡೋಕೆ ಬರ್ತಾನಮ್ಮ. ನೀನು ಮಧ್ಯೆ ಬಾಯಿ ಹಾಕಬೇಡ," ಎಂದರು. ಬೆಲ್ ಆಯಿತು. ಇಸ್ತ್ರಿ ಮಾಡುತ್ತಿದ್ದವಳು ಹೋಗಿ ಬಾಗಿಲು ತೆಗೆದಳು.

ಗರಿಗರಿ ಶರ್ಟು, ಇಳಿದುಹೋದ ಮುಖ. ಕನ್ನಡಕದವನು ಅವಳತ್ತ ತಲೆಯೆತ್ತದೆ ಒಳಗೆ ಬಂದು ಅಪ್ಪನ ಎದುರು ಕುಳಿತ.

ಅಯ್ಯೋ, ಆ ಹುಡುಗಿ ನಾನೇ!  ಅವಳಿಗೆ ಖುಷಿಪಡುವುದಕ್ಕೂ ಪುರುಸೊತ್ತಿರಲಿಲ್ಲ, ಅವನು ಆಗಲೇ ಒಂಟೆಯ ಮುಂದಿನ ಸೈನಿಕನನ್ನು ಒಂದು ಮನೆ ತಳ್ಳಿದ್ದ.

ಅಪ್ಪ ಹುಬ್ಬೇರಿಸಿ, ತಮ್ಮ ರಾಜನ ಮುಂದಿನ ಸೈನಿಕನನ್ನು ನಡೆಸಿದರು. ಬೇಡ, ಬೇಡ ಎಂದು ಅವಳು ಅವರ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ನೋಡಲೇ ಇಲ್ಲ. ಕುದುರೆಯ ಮುಂದಿನವನನ್ನೂ ಎರಡು ಮನೆ ಸರಿಸಿ ಕೈ ಕಟ್ಟಿಕೊಂಡ.

ಅಪ್ಪ ನಿಟ್ಟುಸಿರಿಟ್ಟು ರಾಣಿಯನ್ನು ಎತ್ತಿದರು. ಅದು ಹೋಗಿ ನಿಲ್ಲಬೇಕಾದ ಮನೆಯ ಮೇಲೆ ಅವಳ ಅಂಗೈ ಬಿತ್ತು.

"ತಾಳಪ್ಪಾ! ಅವರ ತಪ್ಪಲ್ಲ. ನಾನೇ ಹೇಳಿಕೊಟ್ಟಿದ್ದು, ಸೋಲಲಿ ಅಂತಾನೇ."

"ಏನಮ್ಮ ಇದು? ಯಾಕೆ?"

"ಬೇರೆ ಯಾರದೋ ಮನೆಗೆ ಹುಡುಗೀನ ಕೇಳೋಕೆ ಹೋಗ್ತಾರೆ ಅಂದ್ಕೊಂಡಿದ್ದೆ."

ಅಪ್ಪ ಮಗಳ ಮುಖ ನೋಡಿದರು, ಅವನ ಮುಖ ನೋಡಿದರು. ರಾಣಿಯನ್ನು ಮೆಲ್ಲಗೆ ಅದರ ಸ್ವಂತ ಮನೆಗೇ ಇಳಿಸಿದರು. "ಒಬ್ಬರಿಗೊಬ್ಬರು ಸರಿಯಾಗಿದ್ದೀರಿ," ಎಂದು ನಗು ತಡೆಯಲಾರದೆ ಅಡುಗೆಮನೆಗೆ ಹೋದರು.

"ನಿಮಗೆ ಗೊತ್ತಿರಲಿಲ್ವಾ, ಆ ಹುಡುಗಿ ನೀವೇ ಅಂತ?" ಎಂದ ಅವನು. "ಮೊದಲ ದಿನ ನಕ್ಕಿರಲ್ಲ, ಅರ್ಥ ಆಗಿದೆ ಅಂದ್ಕೊಂಡೆ."

"ಇಲ್ಲ, ಬೇರೆ ಯಾವಳಿಗೋಸ್ಕರವೋ ಅಂದ್ಕೊಂಡೇ ಕಲಿಸಿದೆ."

"ಯಾಕೆ ಕಲಿಸಿದ್ರಿ ಮತ್ತೆ?"

"ದಿನಾ ಬರ್ತೀರಲ್ಲ ಅಂತ," ಎಂದಳು. ಕಣ್ಣು ತುಂಬಿಬಂದಿತ್ತು. "ಸೋಲೋ ನಡೆ ಅಂತ ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು. ಅವತ್ತೇ."

"ಗೊತ್ತಿದ್ದೂ ಆಡಿದ್ರಾ?"

"ಬೇಡ ಅನ್ನೋದನ್ನ ಬಾಯಿಬಿಟ್ಟು ಹೇಳೋಕಾಗದೆ ಹೀಗೆ ಹೇಳ್ತಿದ್ದೀರಿ ಅಂದ್ಕೊಂಡೆ. ನಿಮಗೇ ಬೇಡವಾದ ಮೇಲೆ ಇಪ್ಪತ್ತು ನಡೆ ನಿಂತು ಏನು ಮಾಡಲಿ?"

ಅವಳು ಅಪ್ಪನ ಕುರ್ಚಿಯಲ್ಲಿ, ಅವನೆದುರು ಕುಳಿತಳು.

"ಬೇಕು," ಎಂದಳು. "ನೀವು ನನಗೆ ಬೇಕು."

 ಅವನು ತಲೆ ತಗ್ಗಿಸಿಕೊಂಡು ಹೊಸ ಆಟಕ್ಕೆಂದು ಕಾಯಿಗಳನ್ನು ಜೋಡಿಸತೊಡಗಿದ, ಕುದುರೆಯ ಮನೆಯಲ್ಲಿ ಆನೆ, ರಾಣಿಯ ಮನೆಯಲ್ಲಿ ರಾಜ. ಅವಳು ತಿದ್ದಲಿಲ್ಲ.