ಆರು ಸೆಕೆಂಡಿನ ಉಸಿರು

"ಊದಿ! ಬಿಡಬೇಡಿ... ಇನ್ನೂ... ಇನ್ನೂ ಊದಿ!"

ಆಸ್ಪತ್ರೆಯಲ್ಲಿ ಉಸಿರಿನ ಬಲ ಅಳೆಯುವ ಅವಳ ಕೂಗಿಗೆ, ಎದುರು ಕುಳಿತಿದ್ದ ಎತ್ತರದ ಲಿಫ್ಟ್ ಮೆಕ್ಯಾನಿಕ್ ಬಾಯಿಂದ ಯಂತ್ರದ ಕೊಳವೆ ತೆಗೆದು ಕೆಮ್ಮಿದ. ಮೂಗಿನ ಕ್ಲಿಪ್ಪನ್ನೂ ತೆಗೆಯದೆ ನಕ್ಕ.

"ನಮ್ಮಮ್ಮನೂ ಇಷ್ಟು ಜೋರಾಗಿ ಗದರಿಲ್ಲ ಮೇಡಂ!"

"ಆರು ಸೆಕೆಂಡ್ ಪೂರ್ತಿ ಊದಬೇಕು. ಮೂರು ಸಲ ಸರಿಯಾಗಿ ಬರಬೇಕು," ಎಂದಳು, ನಗು ತಡೆದುಕೊಂಡು.

ದಿನಕ್ಕೆ ಎಂಟೇ ಸಲ ಊದಿಸಬಹುದು. ಎಂಟೂ ಕೆಟ್ಟವು. "ನಾಳೆ ಬನ್ನಿ," ಎಂದಳು. ಬಂದ, ಮತ್ತೆ ಕೆಮ್ಮಿದ. ಮೂರನೆಯ ದಿನವೂ ಅದೇ ಕತೆ. ಅವನ ಹೆಜ್ಜೆ ಸಪ್ಪಳ ಕೇಳಿದೊಡನೆ ತನ್ನ ಕೈ ತಾನಾಗಿ ಕೂದಲು ಸರಿಪಡಿಸುವುದನ್ನು ಕಂಡು ಅವಳಿಗೇ ಗಾಬರಿಯಾಯಿತು.

'ಏನಾಗಿದೆ ನನಗೆ? ಇದಕ್ಕೆಲ್ಲ ಪುರುಸೊತ್ತೆಲ್ಲಿದೆ?'

ಆರೋಗ್ಯವಂತರ ಉಸಿರು ಇಷ್ಟಿರಬೇಕೆಂದು ಯಂತ್ರದೊಳಗೆ ತುಂಬಿದ್ದ ಅಂಕಿಗಳು ಯಾವುದೋ ದೇಶದವರವು. ಅವನ್ನೇ ನಂಬಿ, ಕಲ್ಲಿನಂತಿದ್ದ ಅವಳಣ್ಣನಿಗೆ 'ಶ್ವಾಸಕೋಶ ದುರ್ಬಲ' ಎಂದು ಬರೆದು ಅಗ್ನಿಶಾಮಕ ದಳದ ಕೆಲಸ ತಪ್ಪಿಸಿದ್ದರು. ಇಲ್ಲಿನ ಆರೋಗ್ಯವಂತರ ಉಸಿರನ್ನೇ ಅಳೆದು ಹೊಸ ಪಟ್ಟಿ ಮಾಡುತ್ತಿದ್ದ ಡಾಕ್ಟರ ಬಳಿ ಅವಳು ಹಟ ಹಿಡಿದು ಸೇರಿದ್ದಳು. ಪಟ್ಟಿಯಲ್ಲಿ ಎತ್ತರದ ಗಂಡಸರ ಸಾಲಿಗೆ ಈಗ ಒಬ್ಬನ ಅಳತೆ ಮಾತ್ರ ಬಾಕಿ. ಶನಿವಾರದೊಳಗೆ ಪಟ್ಟಿ ಮುಗಿಯದಿದ್ದರೆ ಅಣ್ಣನ ಮರುಪರಿಶೀಲನೆಯ ಅರ್ಜಿ ಬಿದ್ದುಹೋಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವನ ಮೂರು ದಿನದ ಗ್ರಾಫ್‌ಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಇಪ್ಪತ್ತನಾಲ್ಕು ಗೆರೆಗಳೂ ಮೂರನೆಯ ಸೆಕೆಂಡಿಗೇ ಮುರಿದಿದ್ದವು!

ಗಡಿಯಾರ ನೋಡಿಕೊಂಡು ಯಾರಿಗೆ ಕೆಮ್ಮು ಬರುತ್ತದೆ?

ಅವನು ಬಂದೊಡನೆ ಹಾಳೆಗಳನ್ನು ಮುಂದಿಟ್ಟಳು. "ಬೇಕಂತಲೇ ಕೆಡಿಸಿದ್ರಾ?"

ಅವನ ಮುಖ ಸಣ್ಣದಾಯಿತು. "ಸರಿಯಾಗಿ ಊದಿದ್ರೆ... ನಾಳೆ ಬನ್ನಿ ಅಂತ ನೀವು ಹೇಳ್ತಿರ್ಲಿಲ್ಲ."

ಅವಳ ಕೈ ಮತ್ತೆ ಕೂದಲಿನ ಕಡೆ ಹೋಯಿತು. ಆದರೆ ಬಾಯಿಗೆ ಬಂದದ್ದು ಸಿಟ್ಟು. "ನಿಮ್ಮ ಹುಡುಗಾಟಕ್ಕೆ ನಮ್ಮಣ್ಣನ ಬದುಕೇ ಬೇಕಿತ್ತಾ?" ಅಣ್ಣನ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಹೋಗಿ! ಬೇರೆಯವರನ್ನ ಹುಡುಕ್ತೀನಿ."

"ಹೋಗಲ್ಲ," ಎಂದು ಅವನು ಕುರ್ಚಿ ಎಳೆದುಕೊಂಡು ಕುಳಿತ. "ಗೊತ್ತಿರ್ಲಿಲ್ಲ, ತಪ್ಪಾಯ್ತು. ಕ್ಲಿಪ್ ಕೊಡಿ. ಇವತ್ತು ಸರಿಯಾಗಿ ಗದರಿ."

ಗದರಿದಳು. ಆರು ಸೆಕೆಂಡ್... ಏಳು... ಅವನ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. ಮೂರು ಗೆರೆಗಳೂ ಒಂದರ ಮೇಲೊಂದು ಕೂತವು. ಕೆಡಿಸಿ ಊದಬಹುದು, ಇಲ್ಲದ ಉಸಿರನ್ನು ಊದಿ ತೋರಿಸಲು ಯಾರಿಂದಲೂ ಆಗದು.

ಡಾಕ್ಟರು ಬಂದು ನೋಡಿ, ಪಟ್ಟಿಯ ಕೊನೆಗೆ ಸಹಿ ಹಾಕಿ ಒಯ್ದರು.

ಅವನು ಬಾಗಿಲ ಬಳಿ ನಿಂತಿದ್ದ. "ಅಣ್ಣನಿಗೆ ಕೆಲಸ ಸಿಗ್ಲಿ. ಇನ್ನು ನಾನು ಬರೋ ಹಾಗಿಲ್ಲ ಅಲ್ವಾ?"

"ಇಲ್ಲಿಗೆ ಬರೋ ಹಾಗಿಲ್ಲ," ಎಂದಳು. ಕೈಗಳನ್ನು ಎಲ್ಲಿಡುವುದೋ ತಿಳಿಯದೆ ಮೇಜು ಒರೆಸಿದಳು. "ನಮ್ಮ ಮನೆಯವರನ್ನ ನಾನು ಟೆಸ್ಟ್ ಮಾಡಬಾರ್ದು. ಹಾಗಂತ ನಿಯಮ ಇದೆ."

"ಅದನ್ನ ನನಗ್ಯಾಕೆ ಹೇಳ್ತಿದ್ದೀರಿ?"

"ನಿಮ್ಮ ಟೆಸ್ಟ್ ಮುಗೀತಲ್ಲ... ಈಗ ಹೇಳಬಹುದು. ಅದಕ್ಕೆ!"

ಅವನು ಉಸಿರು ಬಿಗಿಹಿಡಿದು ನಿಂತುಬಿಟ್ಟ.

"ಉಸಿರು ಬಿಡಿ," ಎಂದಳು ಮೆಲ್ಲಗೆ. "ನಾನೀಗ ಅಳೀತಿಲ್ಲ."