ಕಿನೋವಾ ಹೊಲದಲ್ಲಿ ಉಳಿದ ಹುಲ್ಲು

ಧಾರವಾಡದಲ್ಲಿ ಕೃಷಿ ತರಬೇತಿ ಮುಗಿಸಿಕೊಂಡು ಮುನವಳ್ಳಿಗೆ ಮರಳಿದ ರಾಜೇಶ್ವರಿ ಮನೆಗೂ ಹೋಗದೆ ನೇರವಾಗಿ ಹೊಲಕ್ಕೆ ಬಂದಳು. ಬದುವಿನ ಮೇಲೆ ಪಕ್ಕದ ಹೊಲದ ಮಹಾದೇವ ನಿಂತಿದ್ದ. ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ, ಅಂಗಿಯ ತುಂಬ ಮಣ್ಣು, ಮುಖದಲ್ಲಿ ಬಹುಮಾನ ನಿರೀಕ್ಷಿಸುವವನ ಸಂಕೋಚ.

“ಅರ್ಧಾ ಹೊಲದ ಕಸ ತಗದೇನ್ರಿ,” ಎಂದ. “ಎಲ್ಲಾ ಕಡೆ ಚಕ್ಕೋತ ಸೊಪ್ಪು ಹಬ್ಬಿತ್ತು.”

ರಾಶಿಬಿದ್ದು ಬಾಡುತ್ತಿದ್ದ ಎಳೆಯ ಸಸಿಯೊಂದನ್ನು ಆಕೆ ಎತ್ತಿಕೊಂಡಳು. ಎಲೆಯ ಅಡಿಯಲ್ಲಿ ಹಿಟ್ಟು ಉದುರಿಸಿದಂತಹ ಬಿಳುಪು. ಚಕ್ಕೋತ ಸೊಪ್ಪಿನಂತೆಯೇ ಕಾಣುವ ಅದು, ಆಕೆ ಚೆಲ್ಲಿ ಬಿತ್ತಿದ್ದ ಕಿನೋವಾ. ಕಾಳಿನ ಬೆಳೆಯೆಂದಮೇಲೆ ಜೋಳದಂತಹ ಉದ್ದನೆಯ ಎಲೆ ಇರಲೇಬೇಕೆಂದು ನಂಬಿದ ಮಹಾದೇವ, ಹುಲ್ಲನ್ನೆಲ್ಲ ಜೋಪಾನವಾಗಿ ಉಳಿಸಿ ಬೆಳೆಯನ್ನು ಬೇರುಸಹಿತ ಕಿತ್ತಿದ್ದ.

“ಹುಲ್ಲು ಚಲೋ ಬಂದೈತಿ,” ಎಂದಳು ರಾಜೇಶ್ವರಿ. “ನಿಮ್ಮ ಎಮ್ಮಿ ಹೊಡಕೊಂಡ ಬರ್ರಿ.”

ಮಾತು ಕುಚೋದ್ಯದ್ದಾದರೂ ಕಣ್ಣುಗಳು ತುಂಬಿದ್ದವು. ಅದು ಜೋಳವೂ ಸರಿಯಾಗಿ ಏಳದ ಸವಳು ಭೂಮಿ. ಉಪ್ಪನ್ನೂ ನೀರಿನ ಕೊರತೆಯನ್ನೂ ತಾಳಿಕೊಂಡು ಪೌಷ್ಟಿಕವಾದ ಕಾಳು ಕೊಡುವ ಬೆಳೆ ಇದೆಂದು ವಾದಿಸಿ, ಆ ಎಕರೆಯನ್ನು ತಂದೆ ಗಂಗಯ್ಯನವರಿಂದ ಒಂದು ಹಿಂಗಾರಿಯ ಮಟ್ಟಿಗೆ ಪಡೆದಿದ್ದಳು. ಬೆಳೆ ಕೈಕೊಟ್ಟರೆ ಹೊಲ ಬೇರೆಯವರ ಗೇಣಿಗೆ ಹೋಗುವುದೆಂದು ಅವರು ಹೇಳಿಬಿಟ್ಟಿದ್ದರು.

ಸಂಜೆ ಮಹಾದೇವ ತಾನಾಗಿಯೇ ಅವರ ಮನೆಗೆ ಬಂದ. ತಪ್ಪು ತನ್ನದು, ಮಗಳದಲ್ಲ. ಉಳಿದ ಬೀಜವನ್ನು ತಾನೇ ಮತ್ತೆ ಬಿತ್ತಿಕೊಡುವೆನೆಂದ. ಗಂಗಯ್ಯನವರು ಸಾವಧಾನವಾಗಿ ಕೇಳಿದರು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂಬ ಮುಯ್ಯಿಯ ಲೆಕ್ಕವಿಲ್ಲದೆ ಆ ಸೀಮೆಯಲ್ಲಿ ಯಾರೂ ಇನ್ನೊಬ್ಬರ ಹೊಲದಲ್ಲಿ ಬೆನ್ನು ಬಗ್ಗಿಸುತ್ತಿರಲಿಲ್ಲ.

“ಮುಯ್ಯಿಗೆ ನಾವು ಕರದಿದ್ದಿಲ್ಲ. ಮತ್ಯಾಕ ಹೋದ್ಯೋ ತಮ್ಮಾ?”

ಮಹಾದೇವ ಅಂಗಿಯ ತುದಿಯಲ್ಲಿ ಕೈಯ ಮಣ್ಣು ಒರೆಸಿಕೊಂಡ. “ಅವರು ಧಾರವಾಡದಿಂದ ಬಂದಾಗ ಹೊಲ ನೋಡಿ ಖುಷಿ ಆಗಲಿ ಅಂತ್ರಿ. ಮುಯ್ಯಿ ನನಗ ಬ್ಯಾಡಾಗಿತ್ತು.”

ಅಡುಗೆಮನೆಯಲ್ಲಿ ರಾಜೇಶ್ವರಿ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ಗಂಗಯ್ಯನವರು ಅತ್ತ ಒಮ್ಮೆ ನೋಡಿ, ಉಳಿದ ಬೀಜದ ಚೀಲ ತಂದು ಅವನ ಮುಂದಿಟ್ಟರು.

ಮರುಬಿತ್ತನೆ ನಡೆಯಿತು. ಸಸಿಗಳು ಎದ್ದಮೇಲೆ ಇಬ್ಬರೂ ಕೂಡಿಯೇ ಕಳೆ ತೆಗೆದರು. ಯಾವುದು ಕಿನೋವಾ, ಯಾವುದು ಚಕ್ಕೋತ ಎಂದು ಮಹಾದೇವ ಒಂದೊಂದು ಗಿಡಕ್ಕೂ ಕೇಳುತ್ತಿದ್ದ. ಅವನಿಗೆ ಗುರುತು ಸಿಕ್ಕು ಬಹಳ ದಿನಗಳಾಗಿವೆಯೆಂದು ಆಕೆಗೆ ತಿಳಿದಿತ್ತು. ಆದರೂ ಎಲೆ ಹಿಡಿದ ಅವನ ಬೆರಳ ಪಕ್ಕಕ್ಕೆ ತನ್ನ ಬೆರಳಿಟ್ಟು ಮೊದಲಿನಿಂದ ವಿವರಿಸುತ್ತಿದ್ದಳು.

ಬೇಸಿಗೆಯ ಹೊಸ್ತಿಲಲ್ಲಿ ತೆನೆಗಳು ಕೆಂಪೇರಿ ತೂಗಿದವು. ಬೈಲಹೊಂಗಲದ ರೈತರ ಸಂಘದವರು ಬಂದು ರಾಶಿಯನ್ನೆಲ್ಲ ಒಳ್ಳೆಯ ಬೆಲೆಗೆ ಕೊಂಡರು. ಗಂಗಯ್ಯನವರು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ನೋಡಿ, ಇನ್ನು ಮುಂದೆ ಈ ಎಕರೆ ಮಗಳದೇ ಎಂದು ಎಲ್ಲರೆದುರು ನುಡಿದು ಮನೆಯತ್ತ ನಡೆದರು.

ಕಣದಲ್ಲಿ ಇಬ್ಬರೇ ಉಳಿದರು. ರಾಜೇಶ್ವರಿ ಖಾಲಿ ಚೀಲ ಮಡಚುತ್ತ, ಅವನತ್ತ ನೋಡದೆಯೇ ಹೇಳಿದಳು:

“ಸೋಮವಾರ ನಿಮ್ಮ ಮನಿ ಹಿರಿಯರನ್ನ ಕಳಸ್ರಿ. ಅಪ್ಪ ಮನ್ಯಾಗ ಇರತಾರ.”

“ಏನಂತ ಹೇಳಿ ಕಳಸ್ಲಿ?”

ಆಗ ಆಕೆ ಮುಖವೆತ್ತಿದಳು. “ಅದನ್ನೂ ನಾನ ಹೇಳಿಕೊಡಬೇಕೇನ್ರಿ?”

ಮಹಾದೇವ ಬೇವಿನ ನೆರಳಿನಲ್ಲಿ ನಿಂತಿದ್ದ ತನ್ನ ಬೈಕನ್ನು ಮರೆತು, ಊರ ದಾರಿ ಹಿಡಿದು ಕಾಲ್ನಡಿಗೆಯಲ್ಲೇ ಹೊರಟುಬಿಟ್ಟ. ಅವನು ಹಳ್ಳ ದಾಟುವವರೆಗೂ ರಾಜೇಶ್ವರಿ ಕರೆಯಲಿಲ್ಲ. ಆ ನಡಿಗೆಯನ್ನು ಕಣ್ತುಂಬ ನೋಡುತ್ತ ನಿಂತಳು.